ಮೂರು ಕೂಗು

ಎಣಿಕೆ ಮುಗಿದಾಗ ಹನ್ನೊಂದೂವರೆ. ಜಿಲ್ಲಾ ಬೋರ್ಡಿನ ಚುನಾವಣೆಯಲ್ಲಿ ತಾನು ಸೋತೆ ಎಂಬುದು ಉಮಾನಾಥ ಹೆಗ್ಡೆಗೆ ಗೊತ್ತಾದದ್ದು ತಹಶೀಲ್ದಾರರ ಬಾಯಿಂದ ಅಲ್ಲ. ಬೆಳಿಗ್ಗೆಯಿಂದ ಅವನ ಎಡಗಡೆ ಅಂಟಿಕೊಂಡು ನಿಂತು ಮಾತುಮಾತಿಗೆ ಮೊಣಕೈಯಿಂದ ತಿವಿದು ನಗುತ್ತಿದ್ದ ಕಾಫಿ ಹೋಟೆಲಿನ ಶೀನ ಮೆಲ್ಲನೆ ಹಿಂದೆ ಸರಿದು, ಕಚೇರಿ ಜಗಲಿಯ ಆ ತುದಿಗೆ ಹೋಗಿ, ಸುಂದರ ಶೆಟ್ಟಿಯ ಕಡೆಯವರ ಗುಂಪಿನಲ್ಲಿ ಕತ್ತು ಚಾಚಿ ನಿಂತಾಗಲೇ ಗೊತ್ತಾಯಿತು. ಎಡಗಡೆ ಖಾಲಿಯಾಯಿತು. ಒಳಗೆ ಹಳದಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಪ್ರತಿ ಉಮೇದುವಾರನಿಗೂ ಒಂದೊಂದು ಬಣ್ಣದ ಪೆಟ್ಟಿಗೆ. ಪರದೆಯ ಹಿಂದೆ ಹೋಗಿ ಬೇಕಾದ ಬಣ್ಣಕ್ಕೆ ಚೀಟಿ ಹಾಕಿ ಬರುವುದು. ಹಳದಿ ತನ್ನದು, ಹಸಿರು ಸುಂದರ ಶೆಟ್ಟಿಯದು. ಬಿಳಿಯರು ಹೋಗಿ ಎರಡು ವರ್ಷ ಆಗಿತ್ತು, ಈಗ ನಮ್ಮದೇ ರಾಜ್ಯ, ನಮ್ಮವರೇ ನಮ್ಮವರನ್ನು ಸೋಲಿಸುವ ಕಾಲ. ಮುನ್ನೂರ ಹನ್ನೆರಡು ವೋಟಿನ ಸೋಲು. ಉಮಾನಾಥ ಶಾಲನ್ನು ಸರಿ ಮಾಡಿಕೊಂಡ, ಮತ್ತೆ ಸರಿ ಮಾಡಿಕೊಂಡ. ಐವತ್ತೆರಡು ವರ್ಷದ ಗಂಡಸಿಗೆ ತನ್ನ ಎರಡು ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಹೋಗುವ ಗಳಿಗೆ ಬರಬಾರದು.

"ಕೋವಿ ಹ್ವಾಯ್, ಕೋವಿ," ಎಂದರು ಪಕ್ಷದ ಕಾರ್ಯದರ್ಶಿ ವೆಂಕಟ ಉಪಾಧ್ಯರು, ಅವನನ್ನು ಹುಣಸೆಮರದ ನೆರಳಿಗೆ ಎಳೆದುಕೊಂಡು ಹೋಗಿ. "ನಾ ಆಗಳೇ ಹೇಳಿದ್ದಿಲ್ಯಾ ಹೆಗ್ಡೇರೆ? ಗಂಡಸಿನ ಕೈಯಿಂದ ಕೋವಿ ಕಸ್ಕಂಡವ ವೋಟ್ ಕೇಂಬುಕೆ ಹೋಪುಕಾಗ. ಹೆಂಡ ಬಿಡಿ ಅನ್ನಿ, ಕೇಂತ್ರ್. ಉಪಾಸ ಕೂಕಣಿ ಅನ್ನಿ, ಕೂಕಂತ್ರ್. ಕೋವಿ ಕೊಡಿ ಅಂದ್ರೆ ಮಾತ್ರ ಮುಗೀತ್." ಸುತ್ತ ನಿಂತ ನಾಲ್ಕು ಜನ ತಲೆ ಅಲ್ಲಾಡಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರಿಗೆ ಕುಂದಾಪುರದಲ್ಲಿ ಯಾವತ್ತೂ ಬರ ಇರಲಿಲ್ಲ. ಎರಡು ವರ್ಷದ ಕೆಳಗೆ ಬೋರ್ಡಿನಲ್ಲಿ ಆ ಠರಾವು ತಂದವನು ಉಮಾನಾಥನೇ, ಮಂಗಳೂರಿಗೆ ಹತ್ತು ಸಲ ಓಡಾಡಿ ಕಲೆಕ್ಟರರಿಂದ ಅದಕ್ಕೆ ಹುಕುಂ ಮಾಡಿಸಿದವನೂ ಅವನೇ. ಬೆಳೆ ಕಾಯುವ ಕೋವಿಗಳೆಲ್ಲ ಠಾಣೆಯಲ್ಲಿ ಇರಬೇಕು. ಪೈರು ಹಣ್ಣಾಗುವ ಎರಡು ತಿಂಗಳು ಮಾತ್ರ ಪಟೇಲರ ಚೀಟಿ ತೋರಿಸಿ ಒಯ್ಯಬೇಕು. ಸೂರ್ಯ ಪೂರ್ತಿ ಮೇಲೆ ಬರುವ ಮೊದಲು ಯಾರೂ ಈಡು ಹೊಡೆಯಕೂಡದು. ಜನ ಅದನ್ನು ಹೆಗ್ಡೆ ಕಾನೂನು ಎಂದೇ ಕರೆಯುತ್ತಿದ್ದರು. ಹಂದಿಗಳಿಗೆ ಈ ಕಾನೂನು ಓದಿ ಹೇಳಿದವರು ಯಾರು ಎಂದು ಬೈಂದೂರಿನ ಸಂತೆಯಲ್ಲಿ ನಗುತ್ತಿದ್ದರು.

ಉಪಾಧ್ಯರು ಹಾಗೆ ಅಂದಾಗ ಉಮಾನಾಥನಿಗೆ ಒಳಗೊಳಗೇ ಹಿತವಾಯಿತು. ಅದಕ್ಕೆ ಅವನಿಗೇ ನಾಚಿಕೆಯೂ ಆಯಿತು. ಕೋವಿಯಿಂದ ಸೋತವನೆಂದರೆ ತತ್ತ್ವಕ್ಕೆ ಸೋತವನು. ಅವನ ಹೆಸರು ಹೇಳುವಾಗ ಜನ ದನಿ ತಗ್ಗಿಸುತ್ತಾರೆ. ಆದರೆ ಗುಮಾಸ್ತ ಕೊಟ್ಟ ಚೀಟಿ ಅಂಗಿಯ ಜೇಬಿನಲ್ಲಿತ್ತು. ಅದರಲ್ಲಿ ಊರೂರಿನ ಲೆಕ್ಕ ಇತ್ತು, ಚೀಟಿಗೆ ಉಪಾಧ್ಯರ ಮಾತು ಗೊತ್ತಿರಲಿಲ್ಲ. ಶಿರೂರಿನಲ್ಲಿ ನಲವತ್ತೊಂದು ಕೋವಿ, ಇಡೀ ಕ್ಷೇತ್ರದಲ್ಲೇ ಹೆಚ್ಚು. ಹಿಂದಿನ ಸಲ, ಕಾನೂನಿನ ಸುದ್ದಿಯೇ ಇಲ್ಲದಿದ್ದಾಗ, ಅಲ್ಲಿ ಅವನಿಗೆ ಇನ್ನೂರ ಹದಿನಾಲ್ಕು. ಈ ಸಲ ಇನ್ನೂರ ಒಂಬತ್ತು. ಬೈಂದೂರಿನಲ್ಲಿ ಎರಡು ಹೆಚ್ಚೇ ಬಿದ್ದಿತ್ತು. ಅವನ ತಲೆ ಒಡೆದದ್ದು ತೆಂಕಲ್ಲಿ: ಕೋಡಿ, ಸಾಸ್ತಾನ, ಹಂಗಾರಕಟ್ಟೆ, ಹೊಳೆಯಾಚೆ ಬ್ರಹ್ಮಾವರದ ಮಗ್ಗುಲು. ಅಲ್ಲಿ ಒಂದು ಮನೆಯಲ್ಲೂ ಕೋವಿ ಇಲ್ಲ. ಮೀನಿಗೆ ಯಾರು ಈಡು ಹೊಡೆಯುತ್ತಾರೆ? ಹಿಂದಿನ ಸಲ ಇನ್ನೂರ ಅರವತ್ತು ಇದ್ದ ಹಂಗಾರಕಟ್ಟೆಯಲ್ಲಿ ಈಗ ಅರವತ್ತೊಂದು. ಕೋವಿ ಅವನನ್ನು ಸೋಲಿಸಲೂ ಇಲ್ಲ, ಗೆಲ್ಲಿಸಲೂ ಇಲ್ಲ. ಅದು ಯಾರ ಲೆಕ್ಕದಲ್ಲೂ ಇರಲೇ ಇಲ್ಲ. ಹಾಗಿದ್ದರೆ ಹೋದ ಭಾನುವಾರ ಬೈಂದೂರಿನ ಸಭೆಯಲ್ಲಿ ತಾನು ಮಾಡಿದ್ದು ಏನು ಎಂಬ ಪ್ರಶ್ನೆ ಎದ್ದು ಬಂತು. ಅವನು ಚೀಟಿಯನ್ನು ನಾಲ್ಕಾಗಿ ಮಡಚಿದ.

ಸಭೆಗೆ ಮೂರು ದಿನ ಮುಂಚೆ ಉಪಾಧ್ಯರು ಮನೆಗೇ ಬಂದಿದ್ದರು. ಕೋವಿ ಕಾನೂನು ಹಿಂದೆ ತೆಗೆಯುತ್ತೇನೆ ಎಂದು ನೀವೇ ಹೇಳದಿದ್ದರೆ ಬಡಗಿನ ಊರುಗಳು ಕೈಬಿಡುತ್ತವೆ ಎಂದಿದ್ದರು. ಮೂರು ದಿನ ಅವನಿಗೆ ಅನ್ನ ಇಳಿಯಲಿಲ್ಲ. ನಾಲ್ಕನೆಯ ದಿನ ಸಂತೆ ಮೈದಾನಿನಲ್ಲಿ ಎದ್ದು ನಿಂತು, ರೈತನ ಕೋವಿ ರೈತನ ಕೈಗೇ ಹೋಗಬೇಕು, ಗೆದ್ದ ತಿಂಗಳಲ್ಲೇ ಅದನ್ನು ಮಾಡಿಸುತ್ತೇನೆ ಎಂದ. ತನ್ನ ಬಾಯಿಂದ ಬಂದ ಯಾವ ಮಾತಿಗೂ ಅಷ್ಟು ಚಪ್ಪಾಳೆ ಬಿದ್ದದ್ದು ಅವನಿಗೆ ನೆನಪಿಲ್ಲ. ಹೆಂಗಸರ ಕಡೆ ಅಕ್ಕ ಅಮ್ಮಣಿ ಕೂತಿದ್ದಳು. ಎರಡು ವರ್ಷದಿಂದ ಅದೇ ಜಾಗದಲ್ಲಿ ಕೂತು, ಅವಳ ಮಗ ಗೋವರ್ಧನ ಗುಂಡಿಗೆ ಹೇಗೆ ಸತ್ತನೆಂದು ತಮ್ಮ ಉಮಾನಾಥ ಊರಿಗೆಲ್ಲ ಹೇಳುವುದನ್ನು ಕೇಳಿಸಿಕೊಂಡವಳು. ಒಂದೂ ಕೂಗು ಹಾಕದೆ, ಮನುಷ್ಯನೋ ಹಂದಿಯೋ ನೋಡದೆ ಹೊಡೆದರು, ಇಂಥ ಸಾವು ಇನ್ನೊಬ್ಬ ತಾಯಿಗೆ ಬರಬಾರದು ಎಂದು ಅವನು ಹೇಳುವಾಗ ಜನ ತಿರುಗಿ ಅವಳನ್ನು ನೋಡುತ್ತಿದ್ದರು. ಅವಳು ಸೆರಗಿನ ತುದಿ ನೋಡುತ್ತಿದ್ದಳು. ಆ ಭಾನುವಾರ ಮಾತ್ರ ಅವಳು ತಲೆ ಎತ್ತಿ ಅವನನ್ನೇ ನೋಡಿದಳು. ಗಾಡಿಯಲ್ಲಿ ಮನೆಗೆ ಬರುವಾಗ ಸೊಂಟ ನೋವು ಎಂದಷ್ಟೇ ಅಂದಳು. ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಊಟ ಮಾಡಿ ಹೋಗಿ ಎಂದು ಉಪಾಧ್ಯರು ಕರೆದರು, ಬಾಯಿಮಾತಿಗೆ. ಬೇಡವೆಂದು ಅವನು ಕಡವಿನ ಕಡೆ ನಡೆದ. ಗಂಗೊಳ್ಳಿಗೆ ದಾಟುವ ದೋಣಿಯಲ್ಲಿ ಮೀನು ಮಾರಿ ವಾಪಸಾಗುವ ಹೆಂಗಸರೇ ತುಂಬಿದ್ದರು. ಮೊನ್ನೆಯವರೆಗೆ ಅವನು ಬಂದರೆ ದೋಣಿಯ ಐತ ಹಲಗೆ ಒರೆಸಿ ಕೊಡುತ್ತಿದ್ದ. ಇವತ್ತು ಐತ ಹುಟ್ಟಿನ ಕಡೆಯೇ ನೋಡುತ್ತಿದ್ದ. ಶಾಲು ತಲೆಗೆ ಸುತ್ತಿ ಬುಟ್ಟಿಗಳ ನಡುವೆ ಕೂತ ಅವನ ಗುರುತು ಹೆಂಗಸರಿಗೆ ಸಿಗಲಿಲ್ಲ. ಬೇಬಿ ಎಂಬ ಗಟ್ಟಿ ಗಂಟಲಿನವಳು ಮಾತಾಡುತ್ತಿದ್ದಳು. ತವರು ಹಂಗಾರಕಟ್ಟೆಯಂತೆ, ನಿನ್ನೆಯಷ್ಟೇ ಹೋಗಿ ಬಂದವಳು.

"ಸೋತ್ರಂಬ್ರಲೆ ಹೆಗ್ಡೇರ್!" ಎಂದಳು. "ಒಳ್ಳೇದೇ ಆಯ್ತ್. ಅಲ್ಲಿ ದೋಣಿ ಕಡು ಏಲಂ ಹಾಕ್ರಲೆ, ಯಾರ್ ಹಾಕ್ದ್? ಬೋರ್ಡಿನವ್ರೇ ಅಲ್ದಾ? ಈಗ ಆಳಿಗೊಂದ್ ಕಾಸ್, ಬುಟ್ಟಿಗೊಂದ್ ಕಾಸ್. ಬುಟ್ಟಿ ಎಂತ ನೆಡ್ಕಂಡ್ ಬತ್ತಾ? ನನ್ ತಲಿ ಮೇಲೇ ಬಪ್ಪುದ್. ನಮ್ಮಣ್ಣ ಹೋಯ್ ಹೆಗ್ಡೇರ ಹತ್ರ ಹೇಳ್ದ. ಕಾಂಬ ಅಂದ್ರಂಬ್ರ್. ಒಂದ್ ವರ್ಷ ಕಂಡ್ರ್. ನಾವೂ ಕಂಡ್ರ್ಯಲೆ ಈಗ!"

"ಕೋವಿ ಕಾನೂನಿಂದ ಸೋತ್ರ್ ಅಂತ್ರ್," ಎಂದ ಐತ, ಕಣ್ಣು ನೀರಿನ ಮೇಲಿಟ್ಟುಕೊಂಡೇ.

"ಯಾವ ಕೋವಿ?" ಎಂದಳು ಬೇಬಿ.

ದೋಣಿಯೆಲ್ಲ ನಕ್ಕಿತು. ಉಮಾನಾಥನೂ ನಕ್ಕುಬಿಟ್ಟ. ನಗದಿದ್ದರೆ ಗುರುತು ಸಿಕ್ಕೀತೆಂದು ನಕ್ಕದ್ದು. ಗೋವರ್ಧನನ ಸಾವನ್ನು ತಾನು ಎರಡು ವರ್ಷ ಊರೂರು ಹೊತ್ತು ತಿರುಗಿ, ಕೊನೆಗೆ ಒಂದು ಭಾನುವಾರ ಮಾರಿಬಿಟ್ಟೆನಲ್ಲ. ಕೊಳ್ಳುವವರೇ ಇಲ್ಲದ ಸಂತೆಯಲ್ಲಿ ಮಾರಿದೆನಲ್ಲ ಎನಿಸಿತು. ಆಚೆ ದಡದಲ್ಲಿ ಐತ ಕೈಕೊಟ್ಟು ಇಳಿಸಿದ. ಇಳಿಸುವಾಗ, ಅವಳ ಮಾತಿಗೆ ಬೇಜಾರ್ ಮಾಡ್ಕಣ್ಬೇಡಿ ಹೆಗ್ಡೇರೆ ಎಂದು ಮೆಲ್ಲನೆ ಅಂದ. ಗುರುತು ಮೊದಲೇ ಸಿಕ್ಕಿತ್ತು.

ಇದ್ದಿಲಿನಿಂದ ಓಡುವ ಬಸ್ಸು ತ್ರಾಸಿ ದಾಟುವ ಹೊತ್ತಿಗೆ ಎರಡು ಸಲ ನಿಂತು ಕೆಮ್ಮಿತು. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಎರಡರ ನಡುವೆ ದಾರಿಯ ಒಂದು ಗೆರೆ. ಆಮೇಲೆ ಗದ್ದೆಗಳು ಶುರುವಾದವು. ಪೈರು ಹಣ್ಣಾಗಿ ಬಾಗಿತ್ತು, ನಡುನಡುವೆ ಸೋಗೆ ಹೊದೆಸಿದ ಕಾವಲಿನ ಅಟ್ಟಣೆಗಳು. ಉಮಾನಾಥ ಕಣ್ಣು ಮುಚ್ಚಿಕೊಂಡ. ಮುಚ್ಚಿದರೂ ಅದೇ ಬಣ್ಣ. ಆ ಬೆಳಿಗ್ಗೆಯೂ ಪೈರು ಹೀಗೇ ಬಾಗಿತ್ತು, ಅದರ ಮೇಲೆ ಮಂಜು, ದೀಪಾವಳಿಗೆ ಹತ್ತು ದಿನ. ನಲವತ್ತೆರಡನೆಯ ಇಸವಿ. ಬಿಳಿಯರು ತೊಲಗಲಿ ಎಂದು ಕದ್ದು ಅಚ್ಚು ಮಾಡಿದ ಕರಪತ್ರಗಳ ಕಟ್ಟನ್ನು ಶಿರೂರಿಗೆ ಮುಟ್ಟಿಸಬೇಕಿತ್ತು. ಶಿರೂರಿನ ಗಡಿ ದಾಟಿದರೆ ಮುಂಬೈ ಇಲಾಖೆ, ಅಲ್ಲಿಂದ ಭಟ್ಕಳದವನೊಬ್ಬ ಒಯ್ಯುವುದು. ರಸ್ತೆಯಲ್ಲಿ ಪೊಲೀಸರು. ಗದ್ದೆಯ ಅಂಚಿನ ಹುಣಿಯ ಮೇಲೆ, ಬೆಳಕು ಹರಿಯುವ ಮೊದಲು ಹೋಗಬೇಕು. ತಾನೇ ಹೋಗಬಹುದಿತ್ತು. ತನಗೆ ಕಾಲಿಗೆ ಮುಳ್ಳು ಹೆಟ್ಟಿತ್ತು. ಮುಳ್ಳು ಎಷ್ಟು ದೊಡ್ಡದಿತ್ತು ಎಂದು ಏಳು ವರ್ಷದಿಂದ ಅವನು ತನ್ನನ್ನೇ ಕೇಳಿಕೊಳ್ಳುತ್ತಿದ್ದಾನೆ. ಗೋವರ್ಧನನಿಗೆ ಇಪ್ಪತ್ತನಾಲ್ಕು, ಬೈಂದೂರಿನ ಶಾಲೆಯಲ್ಲಿ ಮಾಸ್ತರ, ಸೋದರಳಿಯನಿಗೇ ಮನೆತನ ಸೇರುವ ಅಳಿಯಕಟ್ಟಿನ ಮನೆಯ ಮುಂದಿನ ಯಜಮಾನ. ಮಾವನ ಮಾತೆಂದರೆ ದೇವರ ಪ್ರಸಾದ. ಅವನ ಸ್ವರ ಸುತ್ತಲಿನ ನಾಲ್ಕು ಹಳ್ಳಿಗೂ ಗುರುತು, ಯಾಕೆಂದರೆ ಆ ಹಳ್ಳಿಗಳ ಮಕ್ಕಳೆಲ್ಲ ಆ ಸ್ವರದ ಹಿಂದೆಯೇ ಮಗ್ಗಿ ಹೇಳಿ ಕಲಿತವರು. ಅದಕ್ಕೇ ಉಮಾನಾಥ ಹಿಂದಿನ ದಿನ ಅವನನ್ನು ಕೂರಿಸಿಕೊಂಡು ಹೇಳಿದ್ದು: "ದಾರಿಯಗೆ ಯಾರ್ ಕರೆದ್ರೂ ಬಾಯ್ ಬಿಡ್ಬೇಡ. ಕೂ ಹಾಕ್ರೂ ಓಗೊಡ್ಬೇಡ. ಸ್ವರ ಕೇಂಡ್ರೆ ಗುರ್ತ್ ಸಿಕ್ಕತ್ತ್."

ಆ ಕಡೆ ಗದ್ದೆ ಕಾಯುವವರಿಗೆ ಒಂದು ಕಟ್ಟುಪಾಡು ಉಂಟು. ಪೈರು ಅಲುಗಾಡಿದರೆ ಮೊದಲು ಕೂ ಎಂದು ಕೂಗಬೇಕು. ಮನುಷ್ಯನಾದರೆ ಅಲ್ಲಿಂದ ಕೂ ಎಂದು ಮರುಕೂಗು ಬರುತ್ತದೆ. ಮೂರು ಸಲ ಕೂಗಿ ಮೂರು ಸಲವೂ ಮರುಕೂಗು ಬರದಿದ್ದರೆ ಅದು ಹಂದಿ. ಹಂದಿ ಕೂಗಿಗೆ ಬೆದರಿ ಒಂದು ಗಳಿಗೆ ಇದ್ದಲ್ಲೇ ನಿಲ್ಲುತ್ತದೆ, ಆಗಲೇ ಈಡು. ಅಲ್ಲಿಯ ಮಕ್ಕಳು ಅಪ್ಪನ ಹೆಸರು ಹೇಳಲು ಕಲಿಯುವ ಮೊದಲೇ ಮರುಕೂಗು ಹಾಕಲು ಕಲಿಯುತ್ತಾರೆ. ಉಮಾನಾಥನ ಮನೆಯ ಒಕ್ಕಲು ದುಗ್ಗಪ್ಪ ಅವತ್ತು ಅಟ್ಟಣೆಯ ಮೇಲಿದ್ದ, ಕೈಯಲ್ಲಿ ಮನೆಯದೇ ಕೋವಿ. ಮೂರು ಸಲ ಕೂಗಿದ. ಮೊದಲ ಕೂಗಿಗೆ ಗೋವರ್ಧನ ನಿಂತಿರಬೇಕು. ಮರುಕೂಗು ನಾಲಿಗೆಯ ತುದಿಯವರೆಗೆ ಬಂದಿರಬೇಕು, ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಅದನ್ನು ಅವನು ನುಂಗಿದ್ದು ಮಾವನ ಮಾತಿಗಾಗಿ. ಎರಡನೆಯದನ್ನೂ ನುಂಗಿದ. ಮೂರನೆಯದಕ್ಕಾದರೂ ಬಾಯಿ ಬಿಡಬಾರದಿತ್ತೇ, ಮಾವನ ಮಾತು ಮುರಿದರೆ ಆಕಾಶ ಬೀಳುತ್ತಿತ್ತೇ ಎಂದು ಉಮಾನಾಥನಿಗೆ ಕೆಲವೊಮ್ಮೆ ಸತ್ತವನ ಮೇಲೆ ಸಿಟ್ಟು ಬರುತ್ತದೆ. ಆ ಸಿಟ್ಟು ಇಳಿದ ಮೇಲೆ ಉಳಿಯುವುದನ್ನು ತಡೆದುಕೊಳ್ಳುವುದು ಇನ್ನೂ ಕಷ್ಟ.

ಈಡಿನ ಸದ್ದಿಗೆ ಮೊದಲು ಓಡಿದವನು ಅವನೇ, ಮುಳ್ಳು ಹೆಟ್ಟಿದ ಕಾಲಿನಲ್ಲೇ. ದುಗ್ಗಪ್ಪ ಅಟ್ಟಣೆಯಿಂದ ಇಳಿದು ಕೆಸರಿನಲ್ಲಿ ಮೊಣಕಾಲೂರಿ, ಮಾಸ್ತರೇ, ಮಾಸ್ತರೇ ಎಂದು ಗೋಗರೆಯುತ್ತಿದ್ದ. ಉಮಾನಾಥ ಬಗ್ಗಿ ಅಳಿಯನ ಅಂಗಿಯೊಳಗೆ ಕೈ ಹಾಕಿ ಕರಪತ್ರದ ಕಟ್ಟು ತೆಗೆದು ತನ್ನ ಕಂಬಳಿಯೊಳಗೆ ಸೇರಿಸಿಕೊಂಡ. ಆಮೇಲೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದ. ಮೊದಲು ಕಟ್ಟು, ಆಮೇಲೆ ಉಸಿರು. ಈ ಕ್ರಮವನ್ನು ಅವನು ಮನಸ್ಸಿನಲ್ಲಿ ಎಷ್ಟೋ ಸಾವಿರ ಸಲ ತಿರುಗುಮುರುಗು ಮಾಡಲು ನೋಡಿದ್ದಾನೆ. ಕಟ್ಟು ಬೆಚ್ಚಗಿತ್ತು, ಒದ್ದೆಯಾಗಿತ್ತು. ದುಗ್ಗಪ್ಪ ಅದನ್ನು ನೋಡಿದ. ನೋಡಿದ್ದನ್ನು ಅವನು ಪೊಲೀಸರಿಗೆ ಹೇಳಲಿಲ್ಲ, ವಕೀಲನಿಗೂ ಹೇಳಲಿಲ್ಲ. ಒಡೆಯರ ಮನೆಯ ಗುಟ್ಟು ಒಡೆಯರೇ ಹೇಳಲಿ ಎಂದು ಕಾದಿರಬೇಕು. ಕುಂದಾಪುರದ ಕೋರ್ಟಿನಲ್ಲಿ ಅವನು ಹೇಳಿದ್ದು ಒಂದೇ: ಮೂರ್ ಸಲ ಕೂ ಹಾಕ್ದೆ, ಓ ಅನ್ಲಿಲ್ಲೆ. ಹೇಳಿ ಸಾಕ್ಷಿಕಟ್ಟೆಯ ಕಡೆ ತಿರುಗಿ ನೋಡಿದ. ಕಟ್ಟೆಯಲ್ಲಿ ಉಮಾನಾಥ ನಿಂತಿದ್ದ, ಹಿಂದೆ ಬೆಂಚಿನಲ್ಲಿ ಅಮ್ಮಣಿ. ಪ್ರಮಾಣ ಮಾಡಿ ಉಮಾನಾಥ ಹೇಳಿದ: ನಮ್ಮ ಹುಡುಗ ಆ ಗದ್ದೆಗಳಲ್ಲೇ ಬೆಳೆದವನು, ಗದ್ದೆಯ ನೀರು ಹೊರಬಿಡಲು ಹೋಗಿದ್ದ, ಕೂಗಿದ್ದರೆ ಅವನು ಓಗೊಡದೆ ಇರುವವನಲ್ಲ. ಹೌದಲ್ಲ, ಓಗೊಡದೆ ಇರುವವನಲ್ಲ. ಅದೊಂದು ನಿಜವನ್ನೇ ಮುಂದಿಟ್ಟು ಅವನು ಸುಳ್ಳು ಹೇಳಿದ. ದುಗ್ಗಪ್ಪ ತಲೆ ತಗ್ಗಿಸಿದ.

ಅವನಿಗೆ ಎರಡು ವರ್ಷ ಕಣ್ಣಾನೂರು ಜೈಲು. ಅಳಿಯನನ್ನು ಕೊಂದವನಿಗೆ ಗದ್ದೆ ಉಳಿಸಿದರೆ ಊರು ಏನಂದೀತು ಎಂದು ಗೇಣಿ ಬಿಡಿಸಿ ಬೇರೆಯವರಿಗೆ ಕೊಟ್ಟದ್ದಾಯಿತು. ದುಗ್ಗಪ್ಪನ ಹೆಂಡತಿ ಪದ್ದು ಅವರಿವರ ಗದ್ದೆಯಲ್ಲಿ ಸಸಿ ನೆಟ್ಟಿ ಮಾಡಿ, ಕೆಮ್ಮು ಹತ್ತಿ, ಗಂಡ ಬರುವ ಆರು ತಿಂಗಳ ಮುಂಚೆ ಹೋದಳು. ಬಿಳಿಯರು ಇರುವವರೆಗೆ, ಕರಪತ್ರದ ಮಾತು ಆಡಿದರೆ ಜೈಲು ಎಂಬ ನೆವ ಇತ್ತು. ಅವರು ಹೋದ ದಿನ ಆ ನೆವವೂ ಹೋಯಿತು. ಈಗ ಹೇಳಿದ್ದರೆ ಗೋವರ್ಧನನ ಫೋಟೋಕ್ಕೆ ಹಾರ ಹಾಕುತ್ತಿದ್ದರು, ಶಾಲೆಗೆ ಅವನ ಹೆಸರಿಡುತ್ತಿದ್ದರು. ಆದರೆ ಕೋರ್ಟಿನಲ್ಲಿ ಮಾಡಿದ ಪ್ರಮಾಣ? ಹಾರದ ಜೊತೆಗೆ ಅದೂ ಮೇಲೆ ಬರುತ್ತದೆ. ಹೇಳುವ ಬದಲು ಅವನು ಕಾನೂನು ಮಾಡಿಸಿದ. ಕೋವಿಗಳನ್ನೆಲ್ಲ ಠಾಣೆಗೆ ತುಂಬಿಸಿದರೆ ತನ್ನ ಒಂದು ಮಾತು ಅವುಗಳ ಅಡಿಗೆ ಬಿದ್ದು ಕಾಣದಂತಾಗುತ್ತದೆ ಎಂದುಕೊಂಡನೋ ಏನೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಊರಿನ ಹೆಗಲುಗಳನ್ನೆಲ್ಲ ತಡವಿ ನೋಡಿದ. ಜೈಲಿನಿಂದ ಬಂದ ದುಗ್ಗಪ್ಪ ಗುಡ್ಡೆಯ ಆಚೆ ಗುಡಿಸಲು ಹಾಕಿಕೊಂಡು ಒಬ್ಬನೇ ಇದ್ದ. ಮೊನ್ನೆ ವೋಟಿನ ದಿನ ಶಾಲೆಯ ಬೇಲಿಯ ಹೊರಗೆ ನಿಂತಿದ್ದ. ತೆರಿಗೆ ಕಟ್ಟುವವರಿಗಷ್ಟೇ ವೋಟು, ಅವನ ಹೆಸರಿನಲ್ಲಿ ಏನಿದೆ? ಸುಮ್ಮನೆ ನೋಡಲು ಬಂದವನು. ಉಮಾನಾಥನನ್ನು ಕಂಡು ಕೈ ಮುಗಿದ. ಉಮಾನಾಥ ಅಲ್ಲಿದ್ದ ಎಲ್ಲರಿಗೂ ಕೈ ಮುಗಿಯುತ್ತಿದ್ದವನು, ಆ ಕಡೆ ಬಂದಾಗ ಮಾತ್ರ ಜೇಬಿನಲ್ಲಿ ಏನನ್ನೋ ಹುಡುಕಿದ.

ಬಸ್ಸು ನಾವುಂದ ಬಿಟ್ಟ ಮೇಲೆ ಅವನಿಗೆ ಅಳು ಬಂತು. ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತ. ಹೊಗೆ ಕಣ್ಣಿಗೆ ಹೋಯ್ತಾ ಎಂದು ಪಕ್ಕದವನು ಕೇಳಿದ. ಹೌದೆಂದ. ಅತ್ತ ಮೇಲೆ ಎದೆ ಹಗುರಾಗಿ, ಇವತ್ತು ಅಕ್ಕನಿಗೆ ಹೇಳಿಯೇಬಿಡುವುದು ಎನಿಸಿತು. ಬೋರ್ಡು ಹೋಯಿತು, ಮರ್ಯಾದೆ ಹೋಯಿತು, ಇನ್ನು ಉಳಿಸಿಕೊಳ್ಳಬೇಕಾದ್ದು ಏನೂ ಇಲ್ಲ. ಉಪ್ಪುಂದ ಬರುವ ಹೊತ್ತಿಗೆ ವಾಕ್ಯವೂ ಸಿದ್ಧವಾಯಿತು: ಅಕ್ಕ, ಓಗೊಡಬೇಡ ಅಂದವನು ನಾನು. ಅಷ್ಟೇ. ದೊಡ್ಡ ಭಾಷಣಗಳನ್ನು ಮಾಡಿದವನಿಗೆ ಇಷ್ಟು ಸಣ್ಣ ಮಾತು. ಬೈಂದೂರಿನಲ್ಲಿ ಇಳಿದು ಮನೆಯ ಕಡೆಗಿನ ಎರಡು ಮೈಲು ನಡೆಯುತ್ತ ಅದನ್ನೇ ಬಾಯಲ್ಲಿ ಆಡಿಸಿದ. ಎದುರು ಬಂದವರು ಸೋಲಿಗೆ ಗೊಣಗುತ್ತಿದ್ದಾನೆಂದು ದಾರಿ ಬಿಟ್ಟರು. ಹಾಳಾಗಲಿ, ಇವತ್ತು ಹೇಳುತ್ತೇನೆ, ಅವಳು ಚಪ್ಪಲಿಯಲ್ಲಿ ಹೊಡೆದರೂ ಹೊಡೆಯಲಿ. ಹೊಡೆದ ಮೇಲೆ ಅವಳೂ ಅಳುತ್ತಾಳೆ, ತಾನೂ ಅಳುತ್ತೇನೆ. ಆಮೇಲೆ ಒಂದು ರಾತ್ರಿಯಾದರೂ ನಿದ್ದೆ ಬರುತ್ತದೆ.

ಇಳಿಬಿಸಿಲು ಅಂಗಳದಲ್ಲಿತ್ತು. ಅಮ್ಮಣಿ ಜಗಲಿಯಲ್ಲಿ ಕಾಲು ಚಾಚಿ ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನಿಗಿಂತ ಆರು ವರ್ಷ ದೊಡ್ಡವಳು. ಅವನ ಹೆಂಡತಿ ತೀರಿಕೊಂಡ ಮೇಲೆ ಈ ದೊಡ್ಡ ಮನೆಯಲ್ಲಿ ಇರುವವರು ಇವರಿಬ್ಬರೇ.

"ಬಂದ್ಯಾ?" ಎಂದಳು. "ಕಾಲ್ ತೊಳ್ಕೊ. ಗಂಜಿ ಬಡಿಸ್ತೆ. ಬೆಳಿಗ್ಗೆಂದ ಎಂತದೂ ತಿಂದಿಲ್ಲೆ ಅಲ್ದಾ?"

"ಸೋತೆ ಅಕ್ಕ."

"ಗೊತ್ತಾಯ್ತ್. ನಿನ್ನಕಿಂತ ಮುಂಚೆ ಸುದ್ದಿ ಬಂತ್."

ಅವನು ಕಾಲು ತೊಳೆದ. ತೊಳೆದದ್ದನ್ನೇ ತೊಳೆದ. ವಾಕ್ಯ ಬಾಯಲ್ಲೇ ಇತ್ತು. ಅವಳು ಅಕ್ಕಿಯಿಂದ ಒಂದು ಕಲ್ಲು ತೆಗೆದು ಅಂಗಳಕ್ಕೆ ಎಸೆದಳು. ಆಮೇಲೆ ತಲೆ ಎತ್ತಿ, ಭಾನುವಾರ ಸಭೆಯಲ್ಲಿ ನೋಡಿದ ಹಾಗೆಯೇ ಅವನನ್ನು ನೋಡಿದಳು.

"ಎಂತಕೆ ಸೋತೆ ಮಗಾ?" ಎಂದಳು. ಅವನು ಸಣ್ಣವನಿದ್ದಾಗ, ಬಿದ್ದು ಮಂಡಿ ಒಡೆದುಕೊಂಡು ಬಂದರೆ, ಹೀಗೇ ಕೇಳುತ್ತಿದ್ದಳು.

ಉಮಾನಾಥ ಬಾಯಿ ತೆರೆದ.

"ಕೋವಿ ಅಕ್ಕ," ಎಂದ. "ಕೋವಿ ಕಾನೂನ್ ತಂದೆ ಅಲ್ದಾ, ಅದ್ಕೆ. ಎಲ್ರೂ ಹಾಂಗೇ ಅಂತ್ರ್."

ಹೇಳಿದ್ದು ತಾನೇ ಎಂದು ಅವನಿಗೆ ನಂಬಲಾಗಲಿಲ್ಲ. ದಾರಿಯುದ್ದಕ್ಕೂ ಬಾಯಲ್ಲಿ ಆಡಿಸಿದ ಮಾತು ಎಲ್ಲಿ ಹೋಯಿತು? ಜೇಬಿನಲ್ಲಿ ಚೀಟಿ ಚುಚ್ಚುತ್ತಿತ್ತು. ಅಮ್ಮಣಿ ಗೆರಸೆಯನ್ನು ಪಕ್ಕಕ್ಕಿಟ್ಟಳು. ಕೈಗೆ ಹತ್ತಿದ ಹೊಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ತುಂಬ ಹೊತ್ತು ಬಸ್ಸಿಗೆ ಕಾದು, ಇನ್ನು ಬರುವುದಿಲ್ಲವೆಂದು ಎದ್ದವಳ ಹಾಗಿದ್ದಳು.

"ನಾನ್ ಹಳ್ದಿ ಪೆಟ್ಟಿಗಿಗೇ ಹಾಕ್ದೆ," ಎಂದಳು. "ನೀ ಗೆದ್ರೆ ಧೈರ್ಯ ಬಂದ್ ಹೇಳ್ತಿ ಅಂದೆಣಿಸ್ದೆ. ಸೋತ್ರೂ ಅಡ್ಡಿಲ್ಲೆ, ಇನ್ ಕಳ್ಕಂಬುಕೆ ಎಂತ ಇತ್ತ್, ಹಾಂಗಾರೂ ಹೇಳ್ತಿ ಅಂದೆಣಿಸ್ದೆ."

"ಎಂತ ಹೇಳುದ್ ಅಕ್ಕ?" ಎಂದ.

"ಅವ ಹೋಪತಿಗೆ ನಂಗೆ ಹೇಳಿಯೇ ಹೋಯ್ದ, ಉಮಾನಾಥ. ನಾ ಅವಲಕ್ಕಿ ಕಟ್ತಾ ಇದ್ದೆ. 'ಅಮ್ಮ, ಯಾರ್ ಕೂ ಹಾಕ್ರೂ ಓ ಅಂಬುಕಾಗ ಅಂದಿದ್ರ್ ಮಾವ. ಅಭ್ಯಾಸದಗೆ ಬಾಯಿಗ್ ಬಂದ್ರೆ ಎಂತ ಮಾಡುದೇ' ಅಂದ. ನೆಗಾಡ್ದ. 'ಬಾಯಿಗೆ ಅವಲಕ್ಕಿ ತುಂಬ್ಸ್ಕೊ' ಅಂದೆ ನಾನು." ಅವಳ ದನಿ ಅಲ್ಲಿ ಕಡಿಯಿತು. ಉಮಾನಾಥ ಜಗಲಿಯ ಕಂಬ ಹಿಡಿದುಕೊಂಡ.

"ಏಳ್ ವರ್ಷ," ಎಂದ. "ಏಳ್ ವರ್ಷ ಗೊತ್ತಿದ್ದೂ..."

"ಗೊತ್ತಿದ್ದೂ ನಿಂಗೆ ಅನ್ನ ಬಡ್ಸ್ದೆ. ಕೋರ್ಟಿನಗೆ ನೀ ಹೇಳುದ್ ಕೇಂಡೆ. ಮಗ ಹೋಯ್ದ, ತಮ್ಮನೂ ಜೈಲಿಗ್ ಹೋದ್ರೆ ನಂಗ್ ಯಾರ್ ಅಂದೇಳಿ ಬಾಯ್ ಮುಚ್ಚಿ ಕೂಕಂಡೆ. ಪದ್ದುಗೆ ಯಾರಿದ್ರ್ ಅಂದೇಳಿ ಆಗ ನೆನ್ಪಾಯ್ಲಿಲ್ಲೆ. ಅವ್ಳ್ ಸಾಯುಕೆ ಮುಂಚೆ ಒಂದಿನ ಈ ಜಗಲಿಗ್ ಬಂದ್ ಕೇಂಡ್ಳ್: 'ಅಮ್ಮಾ, ನಮ್ಮವ್ರ್ ಸುಳ್ಳ್ ಹೇಳುವ್ರಲ್ಲ, ಕೂ ಹಾಕಿದ್ರಂಬ್ರ್, ನಿಮಗಾರೂ ನಂಬ್ಕಿ ಇತ್ತಾ?' ಅಂದೇಳಿ. ನಾ ಅವ್ಳಿಗೆ ಒಂದ್ ಸೇರ್ ಅಕ್ಕಿ ಕೊಟ್ಟ್ ಕಳ್ಸ್ದೆ." ಅವಳು ಮೂಗು ಒರೆಸಿಕೊಂಡಳು. "ನಿಂದ್ ಒಂದ್ ಪಾಪ ಆರೆ, ನಂದ್ ಎರಡ್. ನೀ ಮೊದ್ಲ್ ಹೇಳ್ಲಿ ಅಂದೇಳಿ ಕಾದೆ ಕಾಣ್, ಅದೇ ತಪ್ಪ್. ಕಾಯುಕಾಗ ಇದ್ದಿತ್ತ್."

ಅವಳು ಗೋಡೆ ಹಿಡಿದು ಎದ್ದಳು. ಒಳಗೆ ಹೋಗಿ ಶಾಲು ಹೊದ್ದು, ಊರುಗೋಲು ಹಿಡಿದು ಹೊರಗೆ ಬಂದಳು.

"ದುಗ್ಗಪ್ಪನ ಮನಿಗ್ ಹೋಯ್ಬತ್ತೆ," ಎಂದಳು. "ಅವ ಮೂರ್ ಸಲ ಕೂ ಹಾಕಿದ್ದ್ ಹೌದ್ ಅಂದೇಳಿ ಅವನ ಎದ್ರ್ ನಿಂತ್ ಹೇಳ್ಕ್. ದಾರಿಯಗೆ ಸಿಕ್ಕಿದವ್ರಿಗೂ ಹೇಳ್ತೆ. ನೀ ಬತ್ಯಾ?"

ಬರುತ್ತೇನೆ ಎನ್ನಲು ಅವನಿಗೆ ಮನಸ್ಸಿತ್ತು. ಅವಳ ಕಾಲು ಹಿಡಿಯಲೂ ಮನಸ್ಸಿತ್ತು. ಅಕ್ಕ ಎಂದು ಕರೆಯಲು ಬಾಯಿ ತೆರೆದರೆ ಸ್ವರ ಬರಲಿಲ್ಲ. ಅವಳು ಕಾದಳು, ಹೆಚ್ಚು ಹೊತ್ತಲ್ಲ. ಆಮೇಲೆ, ಗಂಜಿ ಒಲೆಯ ಮೇಲುಂಟು, ಉಪ್ಪಿನಕಾಯಿ ಹಲಗೆ ಮೇಲೆ, ಬಡಿಸಿಕೊಂಡು ಉಣ್ಣು ಎಂದು ಹೇಳಿ ಅಂಗಳಕ್ಕೆ ಇಳಿದಳು. ಗದ್ದೆಯ ಹುಣಿಯ ಮೇಲೆ ಗೋಲೂರಿ, ಒಂದೊಂದೇ ಹೆಜ್ಜೆ ನೋಡಿಕೊಂಡು, ಗುಡ್ಡೆಯ ಕಡೆ ನಡೆದಳು. ಹಣ್ಣಾದ ಪೈರು ಅವಳ ಸೊಂಟದವರೆಗೆ ಬರುತ್ತಿತ್ತು.

ಉಮಾನಾಥ ಅವಳು ಕೂತಿದ್ದ ಜಾಗದಲ್ಲೇ ಕೂತ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಕ್ಕ ಹೋಗುವ ದಾರಿಯಲ್ಲಿ ಮೊದಲು ಸಿಗುವುದು ಪಟೇಲರ ಮನೆ, ಅಲ್ಲಿ ಐದು ವೋಟು. ಆಮೇಲೆ ಕೆಳಗಿನ ಕೇರಿ, ಹದಿನೆಂಟು. ಗುಡ್ಡೆಯ ಬುಡದ ಮೂರು ಮನೆ ಯಾವತ್ತೂ ಹಳದಿಯವು, ಇನ್ನು ಅವೂ ಇಲ್ಲ. ಬೇಡ, ಬೇಡ ಎಂದು ಅವನು ತನಗೇ ಹೇಳಿಕೊಂಡ. ಅಕ್ಕನ ಬಿಳಿ ತಲೆ ಪೈರಿನ ಮೇಲೆ ಸಣ್ಣದಾಗುತ್ತಿತ್ತು, ಅವನು ಅಳುತ್ತಲೇ ಇದ್ದ, ಎಣಿಸುತ್ತಲೂ ಇದ್ದ.